ಬ್ಯೋಮಕೇಶ್ ಬಕ್ಷಿ, ಮೊದಲ ಕಂತು: ಪತ್ತೇದಾರ ಯಾರೆಂಬುದನ್ನೇ ಮುಚ್ಚಿಟ್ಟದ್ದು ನ್ಯಾಯವೇ?

ಹೊಸನಗರದ ಹುಡುಗ

ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕೆಳಗೆ ಕಥೆಯ ಗುಟ್ಟೆಲ್ಲ ಬಯಲಾಗಿದೆ.

1993ರಲ್ಲಿ ದೂರದರ್ಶನದಲ್ಲಿ ಬಂದ ‘ಬ್ಯೋಮಕೇಶ್ ಬಕ್ಷಿ’ ಧಾರಾವಾಹಿಯ ಮೊದಲ ಕಂತು ‘ಸತ್ಯಾನ್ವೇಷಿ’ಯನ್ನು ಮನೆಯವರೆಲ್ಲ ಕುಳಿತು ನೋಡಿದೆವು. ಮುಗಿದ ಮೇಲೆ ಅಪ್ಪಯ್ಯನಿಗೂ ನನಗೂ ಊಟದವರೆಗೆ ವಾದ ನಡೆಯಿತು.

ನನ್ನ ತಕರಾರು ಇದು. ಕಲ್ಕತ್ತೆಯ ಒಂದು ಮೆಸ್, ಅಂದರೆ ಗಂಡಸರು ಬಾಡಿಗೆಗೆ ಇರುವ ಊಟ-ವಸತಿಯ ಮನೆ. ಅದನ್ನು ನಡೆಸುವವನು ಅನುಕೂಲ ಬಾಬು ಎಂಬ ಹೋಮಿಯೋಪತಿ ವೈದ್ಯ. ಆ ಕೇರಿಯಲ್ಲಿ ಹೆಣ ಬೀಳುತ್ತಿವೆ. ಅತುಲ್ ಚಂದ್ರ ಮಿತ್ರ ಎಂಬ ಯುವಕ ಕೋಣೆ ಕೇಳಿಕೊಂಡು ಬರುತ್ತಾನೆ. ಜಾಗವಿಲ್ಲ ಎಂದಾಗ ಅಲ್ಲೇ ಇರುವ ಅಜಿತ್ ತನ್ನ ಕೋಣೆಯಲ್ಲೇ ಇರಿಸಿಕೊಳ್ಳುತ್ತಾನೆ. ಮುಂದೆ ಮೆಸ್ಸಿನಲ್ಲೇ ಇದ್ದ ಅಶ್ವಿನಿ ಬಾಬುವಿನ ಕೊಲೆಯಾಗುತ್ತದೆ. ಕೊನೆಯಲ್ಲಿ ನೋಡಿದರೆ ಆ ಅತುಲನೇ ಪತ್ತೇದಾರ ಬ್ಯೋಮಕೇಶ್! ಕೊಲೆಗಾರ ಯಾರೆಂದು ಮುಚ್ಚಿಡಲಿ, ಅದು ಪತ್ತೇದಾರಿ ಕಥೆಯ ಧರ್ಮ. ಪತ್ತೇದಾರ ಯಾರೆಂಬುದನ್ನೂ ಮುಚ್ಚಿಟ್ಟರೆ ನೋಡುವವನು ಯಾರ ಬೆನ್ನು ಹಿಡಿದು ಹೋಗಬೇಕು? ಇದು ಪ್ರೇಕ್ಷಕನಿಗೆ ಮಾಡಿದ ಮೋಸ ಎಂಬುದು ನನ್ನ ವಾದ. ಆ ಕಂತಿನ ಜೀವವೇ ಅದು ಎಂಬುದು ಅಪ್ಪಯ್ಯನ ವಾದ. ನೀವು ಏನು ಹೇಳುತ್ತೀರಿ?

ತುಂಗೆಯ ತಡಿ

ನಿಮ್ಮ ಅಪ್ಪಯ್ಯ ಹೇಳಿದ್ದೇ ಸರಿ.

ಭದ್ರಾವತಿ ಕುಲುಮೆ

ಮೋಸದ ಮಾತು ಆಮೇಲೆ. ಆ ಕಂತು ನಿಧಾನ ಮಾರಾಯರೇ, ಬಹಳ ನಿಧಾನ. ಮೊದಲ ಕಂತಿನಲ್ಲಿ ಪ್ರೇಕ್ಷಕನ ಕೊರಳಪಟ್ಟಿ ಹಿಡಿದು ಕೂರಿಸಬೇಕು. ಇಲ್ಲಿ ಜನ ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಬಂದು ಕುಳಿತು ಮಾತನಾಡುತ್ತಾರೆ. ಈಗಿನ ಸರಣಿಗಳಲ್ಲಿ ಇಷ್ಟು ಹೊತ್ತಿಗೆ ಬೆರಳಚ್ಚು, ಸಿಸಿಟಿವಿ, ಮೊಬೈಲ್ ಟವರ್ ಎಲ್ಲ ಬಂದು ಅರ್ಧ ತನಿಖೆಯೇ ಮುಗಿದಿರುತ್ತದೆ. ಬಾಲ್ಯದ ನೆನಪಿದೆ ಎಂಬ ಕಾರಣಕ್ಕೆ ಹಳೆಯದನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವುದು ಸರಿಯಲ್ಲ.

ಕೊಪ್ಪದ ಮೇಷ್ಟರು

ಹೊಸನಗರದ ತಮ್ಮನ ಪ್ರಶ್ನೆ ಒಳ್ಳೆಯದು. ಉತ್ತರ ಅಜಿತನಲ್ಲಿದೆ.

ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರ ಮೂಲ ಕಥೆಯಲ್ಲಿ ಎಲ್ಲವನ್ನೂ ಹೇಳುವವನು ಅಜಿತ್. ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಅವನು ಅತುಲನನ್ನು ಒಬ್ಬ ಬಡ ಉದ್ಯೋಗಾರ್ಥಿ ಎಂದು ನಂಬುತ್ತಾನೆ, ನಾವೂ ನಂಬುತ್ತೇವೆ. ಅವನು ವೈದ್ಯನನ್ನು ಸಜ್ಜನ ಎಂದುಕೊಂಡಿದ್ದಾನೆ, ನಾವೂ ಹಾಗೆಯೇ ಅಂದುಕೊಳ್ಳುತ್ತೇವೆ. ನಿರೂಪಕನೂ ಓದುಗನೂ ಒಂದೇ ಮೆಟ್ಟಿಲ ಮೇಲೆ ನಿಂತಿರುವಾಗ ಮೋಸದ ಮಾತೆಲ್ಲಿ ಬಂತು? ಅಜಿತನಿಗೆ ಗೊತ್ತಿದ್ದೂ ನಮಗೆ ಹೇಳದೆ ಹೋಗಿದ್ದರೆ ಅದು ಮೋಸವಾಗುತ್ತಿತ್ತು.

ಇನ್ನೊಂದು ಸಂಗತಿ. ಕಥಾಕ್ರಮದಲ್ಲಿ ಇದು ಮೊದಲನೆಯದು, ಬರೆದ ಕ್ರಮದಲ್ಲಿ ಅಲ್ಲ. ಶರದಿಂದು 1932ರಲ್ಲಿ ಮೊದಲು ಬರೆದದ್ದು ‘ಪಥೇರ್ ಕಾಂಟಾ’. ಅದಾದ ಮೇಲೆ ‘ಸೀಮಂತ ಹೀರಾ’. ಮೂರನೆಯದಾಗಿ ಇದನ್ನು ಬರೆದು, ಬ್ಯೋಮಕೇಶನೂ ಅಜಿತನೂ ಭೇಟಿಯಾದದ್ದು ಹೇಗೆ ಎಂದು ಹಿಂದಕ್ಕೆ ಹೋಗಿ ಹೇಳಿದರು. ಮೊದಲ ಎರಡು ಕಥೆ ಓದಿದವರಿಗೆ ಬ್ಯೋಮಕೇಶ್ ಆಗಲೇ ಪರಿಚಿತ. ಆದ್ದರಿಂದ ಅತುಲ ಎಂಬ ಹೆಸರು ಆ ಓದುಗರಿಗೆ ಒಂದು ಹೆಚ್ಚುವರಿ ಸವಾಲಾಯಿತು.

ಭದ್ರಾವತಿ ಕುಲುಮೆ

ಮೇಷ್ಟರೇ, ಅದು ಪುಸ್ತಕದ ಮಾತಾಯಿತು. ಟಿವಿಯಲ್ಲಿ ಕಥೆ ಹೇಳುವುದು ಕ್ಯಾಮೆರಾ. ಅಜಿತ್ ಇಲ್ಲದ ಜಾಗಕ್ಕೂ ಕ್ಯಾಮೆರಾ ಹೋಗಬಲ್ಲದು. ಹೋಗಬಲ್ಲ ಕ್ಯಾಮೆರಾ ಹೋಗದೆ ನಿಂತರೆ ಅದು ನಿರ್ದೇಶಕ ಬೇಕೆಂದೇ ಮುಚ್ಚಿಟ್ಟ ಹಾಗೆ. ಹುಡುಗನ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಕೊಪ್ಪದ ಮೇಷ್ಟರು

ಬೇಕೆಂದೇ ಮುಚ್ಚಿಟ್ಟದ್ದು ನಿಜ. ಮುಚ್ಚಿಡದೆ ಪತ್ತೇದಾರಿ ಕಥೆ ಯಾರು ಮಾಡುತ್ತಾರೆ? ಮುಚ್ಚಿಡುವಾಗ ಸುಳ್ಳು ಹೇಳಿದರೇ ಇಲ್ಲವೇ ಎಂಬುದನ್ನಷ್ಟೇ ನೋಡಬೇಕು. ಅತುಲ ಯಾವ ಕ್ಷಣದಲ್ಲೂ ತನ್ನ ನಿಜವಾದ ಗುರುತಿಗೆ ಹೊಂದದ ರೀತಿಯಲ್ಲಿ ನಡೆದುಕೊಳ್ಳುವುದಿಲ್ಲ. ಮತ್ತೊಮ್ಮೆ ನೋಡಿ, ಆ ಪಾತ್ರ ಮಾಡಿದ ರಜಿತ್ ಕಪೂರ್ ಅವರ ಕಣ್ಣನ್ನು ಮಾತ್ರ ಗಮನಿಸಿ. ಬೇರೆಯವರು ಮಾತನಾಡುವಾಗ ಅವರು ಕೇಳಿಸಿಕೊಳ್ಳುವ ಬಗೆಯೇ ಬೇರೆ.

ತುಂಗೆಯ ತಡಿ

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ. 1993ರಲ್ಲಿ ರಜಿತ್ ಕಪೂರ್ ಅವರ ಮುಖ ಜನರಿಗೆ ಅಷ್ಟು ಪರಿಚಿತವಾಗಿರಲಿಲ್ಲ. ಅತುಲ ಎಂದರೆ ಅತುಲ ಎಂದೇ ನೋಡಿದೆವು. ಈಗ ನೋಡುವವರಿಗೆ ಆ ಮುಖ ಕಂಡ ಕೂಡಲೇ ಬ್ಯೋಮಕೇಶ್ ಎಂದು ಗೊತ್ತಾಗಿಬಿಡುತ್ತದೆ. ಗುಟ್ಟು ಮೊದಲೇ ಗೊತ್ತಿದ್ದವನಿಗೆ ಅದು ತಂತ್ರದ ಹಾಗೆ ಕಾಣುವುದು ಸಹಜ. ಆಗ ನೋಡಿದವರಿಗೆ ಅದು ನಿಜವಾದ ಆಘಾತ.

ವರದಾಮೂಲದವಳು

2020ರ ಲಾಕ್‌ಡೌನಿನಲ್ಲಿ ದೂರದರ್ಶನ ಇದನ್ನು ಮತ್ತೆ ಹಾಕಿದಾಗ ನಾವು ನೋಡಿದ್ದು. ಚಾಲಿ, ಅಂದರೆ ಒಣಗಿಸಿದ ಹಣ್ಣಡಿಕೆ, ಸುಲಿಯುವ ಹೊತ್ತು. ಹೊರಗಿನಿಂದ ಆಳುಗಳು ಬರುವ ಹಾಗಿರಲಿಲ್ಲ, ಮನೆಯ ಹೆಂಗಸರೇ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕುಳಿತಿದ್ದೆವು. ಒಳಗಿನ ಟಿವಿಯನ್ನು ಬಾಗಿಲಿಗೆ ತಿರುಗಿಸಿ ಇಟ್ಟಿದ್ದೆವು. ನಮ್ಮ ದೊಡ್ಡಮ್ಮನಿಗೆ ಹಿಂದಿ ಒಂದಕ್ಷರವೂ ಬಾರದು. ನಾನು ಹೇಳುತ್ತಾ ಹೋಗುತ್ತಿದ್ದೆ, ಅವರು ಕತ್ತಿಯ ಮೊನೆಗೆ ಅಡಿಕೆಯನ್ನು ಒತ್ತಿ, ಸಿಪ್ಪೆ ಸೀಳಿ, ಒಳಗಿನ ಕಾಯನ್ನು ಬುಟ್ಟಿಗೆ ಹಾಕುತ್ತಾ ಆಗಾಗ ತಲೆ ಎತ್ತುತ್ತಿದ್ದರು. ಅಶ್ವಿನಿ ಬಾಬುವಿನ ಕೊಲೆಯಾಗುವ ಮೊದಲೇ, “ಆ ಡಾಕ್ಟರನೇ ಕಣೇ” ಎಂದುಬಿಟ್ಟರು.

ಹೇಗೆ ಗೊತ್ತಾಯಿತು ದೊಡ್ಡಮ್ಮ ಎಂದೆ. “ಅಷ್ಟು ಜನ ಇರುವ ಮನೆ ನಡೆಸುವವನು ಯಾರ ಮೇಲೂ ಒಂದು ದಿನವೂ ರೇಗುವುದಿಲ್ಲವೇ? ಊಟ, ಬಾಡಿಗೆ, ನೀರು, ಯಾವುದಕ್ಕೂ ಜಗಳವಿಲ್ಲವೇ? ಪೊಲೀಸರು ಬಂದರೂ ಅದೇ ನಯ. ಅವನಿಗೆ ಬೇರೆ ಕಡೆಯಿಂದ ಬರುವುದು ಇದೆ, ಅದಕ್ಕೇ ಈ ಜನರ ಮೇಲೆ ಅವನಿಗೆ ಕೋಪವೇ ಇಲ್ಲ” ಎಂದರು.

ನಾಲ್ಕು ಮಂದಿಯ ಕೂಡುಮನೆಯನ್ನು ವರ್ಷಗಟ್ಟಲೆ ನಡೆಸಿದ ಹೆಂಗಸಿಗೆ ಮಾತ್ರ ಹೊಳೆಯುವ ಸುಳಿವು ಅದು. ಆದ್ದರಿಂದ ಹೊಸನಗರದವರು ಹೇಳುವ ಮೋಸ ನನಗೆ ಕಾಣಿಸುವುದಿಲ್ಲ. ಸುಳಿವು ಕಣ್ಣ ಮುಂದೆಯೇ ಇತ್ತು, ನಿಧಾನವಾಗಿ ತೋರಿಸಿದ್ದರಿಂದಲೇ ದೊಡ್ಡಮ್ಮನಿಗೆ ಸಿಕ್ಕಿತು. ಭದ್ರಾವತಿಯವರು ಕೇಳುವ ವೇಗ ಇದ್ದಿದ್ದರೆ ಅವರಿಗೆ ತಲೆ ಎತ್ತಿ ನೋಡುವಷ್ಟರಲ್ಲಿ ಕಥೆಯೇ ಮುಗಿದಿರುತ್ತಿತ್ತು.

ತುಂಗೆಯ ತಡಿ

ದೊಡ್ಡಮ್ಮನಿಗೆ ನಮಸ್ಕಾರ.

ಹೊಸನಗರದ ಹುಡುಗ

ಅಕ್ಕ, ನಿಮ್ಮ ದೊಡ್ಡಮ್ಮ ಕೊಲೆಗಾರನನ್ನು ಹಿಡಿದರು, ಒಪ್ಪಿದೆ. ಅತುಲನೇ ಪತ್ತೇದಾರ ಎಂದು ಹಿಡಿದರೇ?

ವರದಾಮೂಲದವಳು

ಅವನ ಬಗ್ಗೆ ಕೇಳಿದ್ದಕ್ಕೆ “ಅವನು ಕೆಲಸ ಹುಡುಕುವವನ ಹಾಗೆ ಕಾಣಿಸುವುದಿಲ್ಲ, ಕೆಲಸ ಇರುವವನ ಹಾಗೆ ಇದ್ದಾನೆ” ಎಂದರು. ಅಷ್ಟು ಸಾಕಲ್ಲವೇ?

ಮಂಡಿಪೇಟೆ

ನಾನು ಅಡಿಕೆ ವ್ಯಾಪಾರದವನು, ಹಾಗಾಗಿ ಆ ಕಂತಿನಲ್ಲಿ ನನಗೆ ಹಿಡಿಸಿದ್ದು ಸರಕು ಸಾಗಿಸುವ ಉಪಾಯ. ವೈದ್ಯ ಮಾರುತ್ತಿದ್ದದ್ದು ಕೊಕೇನ್. ಹೋಮಿಯೋಪತಿಯಲ್ಲಿ ಔಷಧವನ್ನು ಹಾಲಿನ ಸಕ್ಕರೆಯ ಪುಡಿಯಲ್ಲಿ ಬೆರೆಸಿ ಕೊಡುತ್ತಾರೆ. ಅದೂ ಬಿಳಿ, ಇದೂ ಬಿಳಿ. ಪೊಟ್ಟಣ ಕಟ್ಟಿ ಕೊಟ್ಟರೆ ಯಾರಿಗೆ ಅನುಮಾನ? ದಿನವೂ ಹತ್ತಾರು ಜನ ಬಂದು ಪೊಟ್ಟಣ ತೆಗೆದುಕೊಂಡು ಹೋದರೂ ಔಷಧಾಲಯ ಎಂದ ಮೇಲೆ ಅದು ಸಹಜವೇ. ಬಂಗಾಳದಲ್ಲಿ ಹೋಮಿಯೋಪತಿಗೆ ಇದ್ದ ಗೌರವವೂ ದೊಡ್ಡದು. ಆ ಕಾಲದ ಕಲ್ಕತ್ತೆಯಲ್ಲಿ ಇದಕ್ಕಿಂತ ಭದ್ರವಾದ ಮುಸುಕು ಸಿಗುತ್ತಿರಲಿಲ್ಲ.

ನಮ್ಮ ಬೆಳೆಗಾರರಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದಲ್ಲಿ ಕೊಕೇನನ್ನು ಜನ ತಿನ್ನುತ್ತಿದ್ದದ್ದು ವೀಳ್ಯದೆಲೆಯಲ್ಲಿ. ಎಲೆ, ಸುಣ್ಣ, ಅಡಿಕೆಯ ಜೊತೆಗೆ ಒಂದು ಚಿಟಿಕೆ. ಜರ್ಮನಿಯ ಮರ್ಕ್ ಕಂಪನಿಯ ಸರಕಿಗೆ ಆಗ ಬೇಡಿಕೆಯಿತ್ತು, ಕಳ್ಳಸಾಗಣೆಯೂ ಜೋರಾಗಿತ್ತು. ಕಥೆ ನಡೆಯುವುದು ಬಂಗಾಳಿ ವರ್ಷ 1331ರಲ್ಲಿ, ಅಂದರೆ 1924-25ರ ಸುಮಾರಿಗೆ. ಶರದಿಂದು ಸುಮ್ಮನೆ ಕಟ್ಟಿದ ಕಥೆಯಲ್ಲ ಇದು, ಅವರ ಕಣ್ಣೆದುರು ನಡೆಯುತ್ತಿದ್ದ ವ್ಯವಹಾರ.

ಆಗುಂಬೆ ಮಳೆ

ಇದು ನನಗೆ ಹೊಸ ವಿಷಯ. ಮಂಡಿಯವರೇ, ರಾಶಿ ಇಡಿ ಅಡಿಕೆಯ ಧಾರಣೆ ಈ ವಾರ ಏರುತ್ತದೆಯೇ? ಮಾರಲೋ ಇಟ್ಟುಕೊಳ್ಳಲೋ ತಿಳಿಯುತ್ತಿಲ್ಲ.

ಮಂಡಿಪೇಟೆ

ಧಾರಣೆಯ ಮಾತು ಇಲ್ಲಿ ಬೇಡ, ಹುಡುಗ ಬೇಸರ ಮಾಡಿಕೊಳ್ಳುತ್ತಾನೆ. ಪತ್ತೇದಾರಿಯ ಮಾತೇ ಆಡುತ್ತೇನೆ.

ಬಹಳ ಹಿಂದೆ ನಮ್ಮ ಪರಿಚಯದ ಮಂಡಿಯೊಂದರಲ್ಲಿ ಕೆಲವು ಚೀಲ ಬೆಟ್ಟೆ ಅಡಿಕೆ ಕಾಣೆಯಾಯಿತು. ಕೆಲವು ದಿನದ ನಂತರ ಬೇರೊಂದು ಊರಿನಿಂದ ಮಾರಾಟಕ್ಕೆ ಬಂದ ಲಾಟಿನಲ್ಲಿ ನಮ್ಮ ಹಮಾಲಿಯೊಬ್ಬ ಒಂದು ಚೀಲದ ಎದುರು ನಿಂತುಬಿಟ್ಟ. ಚೀಲದ ಮೇಲಿನ ಗುರುತನ್ನು ಅಳಿಸಿ ಬೇರೆ ಗುರುತು ಬರೆದಿದ್ದರು. ಆದರೆ ಬಾಯಿಯ ಹೊಲಿಗೆ ಹಾಗೆಯೇ ಇತ್ತು. ದಬ್ಬಣದಲ್ಲಿ ಹೊಲಿದು ಕೊನೆಗೆ ಸುತಳಿಯನ್ನು ಎರಡು ಸುತ್ತು ಹಿಂದಕ್ಕೆ ತಂದು, ಮೂಲೆಯ ಕಿವಿಗೆ ಬಿಗಿದು, ತುದಿಯನ್ನು ಒಳಗೆ ತುರುಕುವುದು ಅವನೊಬ್ಬನದೇ ರೂಢಿ. ಎಡಗೈಯವನಾದ್ದರಿಂದ ಸುತ್ತು ತಿರುಗುಮುರುಗಾಗಿ ಬೀಳುತ್ತಿತ್ತು. “ಇದು ನನ್ನ ಗಂಟು” ಎಂದ. ಉಳಿದದ್ದು ಪೊಲೀಸರು ನೋಡಿಕೊಂಡರು.

ಭದ್ರಾವತಿಯವರು ಬೆರಳಚ್ಚು, ಟವರ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಅಪರಾಧ ಬಯಲಾಗುವುದು ಕೆಲಸದ ರೂಢಿಯಲ್ಲಿ. ಬ್ಯೋಮಕೇಶ್ ನೋಡುವುದೂ ಅದನ್ನೇ. ಯಾರು ಯಾವ ಹೊತ್ತಿಗೆ ಏಳುತ್ತಾರೆ, ಬಾಗಿಲು ಯಾವಾಗ ಹಾಕುತ್ತಾರೆ, ಯಾರ ಮನೆಗೆ ಯಾರು ಬರುತ್ತಾರೆ.

ಭದ್ರಾವತಿ ಕುಲುಮೆ

ಗಂಟಿನ ಕಥೆ ಚೆನ್ನಾಗಿದೆ, ಮನಸಾರೆ ಹೇಳುತ್ತೇನೆ. ಆದರೆ ನೀವು ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಿರಿ. ಅದೇ ನನ್ನ ಮಾತು.

ಕಪ್ಪುಕೋಟು

ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ. ಕಾನೂನಿನ ಕಣ್ಣಿನಿಂದ ಈ ಕಂತಿನ ಮುಕ್ತಾಯ ಬಹಳ ಜಾಣತನದ್ದು, ಅದನ್ನು ಯಾರೂ ಹೇಳಲಿಲ್ಲ.

ಸಾಮಾನ್ಯವಾಗಿ ಪತ್ತೇದಾರ ಎಲ್ಲರನ್ನೂ ಕೂರಿಸಿ ಸುಳಿವುಗಳನ್ನು ಪೋಣಿಸುತ್ತಾನೆ, ಅಪರಾಧಿ ಕುಸಿದು ತಪ್ಪೊಪ್ಪಿಕೊಳ್ಳುತ್ತಾನೆ, ಪೊಲೀಸರು ಬೇಡಿ ಹಾಕುತ್ತಾರೆ. ನ್ಯಾಯಾಲಯದಲ್ಲಿ ಆ ತಪ್ಪೊಪ್ಪಿಗೆ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಂತೆ ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ಬಳಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ನಿಯಮ 23ನೇ ಕಲಮಿನಲ್ಲಿ ಮುಂದುವರಿದಿದೆ. ಬ್ಯೋಮಕೇಶ್ ತಪ್ಪೊಪ್ಪಿಗೆಗೆ ಕಾಯುವುದಿಲ್ಲ. ರಾತ್ರಿ ಕತ್ತಲೆಯಲ್ಲಿ ವೈದ್ಯನೇ ಕೊಲ್ಲಲು ಕೋಣೆಗೆ ಬರುವಂತೆ ಮಾಡಿ, ಅಜಿತನನ್ನು ಸಾಕ್ಷಿಯಾಗಿಟ್ಟುಕೊಂಡು, ಕೈಯಲ್ಲಿ ಆಯುಧ ಇರುವಾಗಲೇ ಹಿಡಿಯುತ್ತಾನೆ. ಅಶ್ವಿನಿ ಬಾಬುವಿನ ಕೊಲೆಯನ್ನು ಸಾಬೀತು ಮಾಡುವುದು ಕಷ್ಟವಾದರೂ ಕೊಲೆಯತ್ನದ ಮೊಕದ್ದಮೆಯಿಂದ ಅವನು ತಪ್ಪಿಸಿಕೊಳ್ಳಲಾರ. ಶರದಿಂದು ಕಾನೂನು ಓದಿದವರು, ಆ ಗುರುತು ಇಲ್ಲಿ ಚೆನ್ನಾಗಿ ಕಾಣುತ್ತದೆ.

ವೈದ್ಯನಿಗೆ ಗಲ್ಲಾಗಲಿಲ್ಲ ಎಂಬುದಕ್ಕೆ ಮುಂದಿನ ಒಂದು ಕಂತಿನಲ್ಲಿ ಆಧಾರವಿದೆ, ಅವನು ಮತ್ತೆ

ತುಂಗೆಯ ತಡಿ

ವಕೀಲರೇ, ನಿಲ್ಲಿಸಿ! ಹುಡುಗ ನೋಡಿರುವುದು ಮೊದಲ ಕಂತು ಮಾತ್ರ.

ಹೊಸನಗರದ ಹುಡುಗ

ಓದಿಬಿಟ್ಟೆ. ಮುಂದಿನದನ್ನು ದಯವಿಟ್ಟು ಯಾರೂ ಹೇಳಬೇಡಿ.

ಆಗುಂಬೆ ಮಳೆ

ಕಾನೂನಿನ ಮಾತು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನ ಮಾವ ಪೊಲೀಸ್ ಪೇದೆಯಾಗಿದ್ದವರು. ಘಟ್ಟದ ಮಳೆಯಲ್ಲಿ ಮಹಜರು ಬರೆಯುವುದು ಎಂದರೆ ಎಂಥ ಕಷ್ಟ ಎಂದು ಅವರು ಹೇಳುತ್ತಿದ್ದರು. ಪಂಚರನ್ನು ಕರೆತರಲು ಗುಡ್ಡ ಹತ್ತಿ ಇಳಿಯಬೇಕು, ಅವರು ಬರುವಷ್ಟರಲ್ಲಿ ಹೆಜ್ಜೆ ಗುರುತೆಲ್ಲ ಕೊಚ್ಚಿಹೋಗಿರುತ್ತದೆ, ಕಾಗದ ಒದ್ದೆಯಾಗಿ ಶಾಯಿ ಹರಡುತ್ತದೆ. ಒಬ್ಬರು ಕೊಡೆ ಹಿಡಿಯಬೇಕು, ಒಬ್ಬರು ಬರೆಯಬೇಕು, ಉಂಬಳ (ಜಿಗಣೆ) ಕಾಲು ಹತ್ತುತ್ತಿದ್ದರೂ ಕದಲುವಂತಿಲ್ಲ. ಟಿವಿಯಲ್ಲಿ ಅಪರಾಧದ ಸ್ಥಳ ಯಾವಾಗಲೂ ಒಣಗಿರುತ್ತದೆ. ನಮ್ಮ ಕಡೆಯ ಅಪರಾಧ ಕಥೆಯನ್ನು ನಮ್ಮ ಕಡೆಯ ಮಳೆಯಲ್ಲಿ ತೆಗೆದರೆ ನೋಡುವವರಿಗೆ ಬೇರೆಯದೇ ಅನುಭವವಾದೀತು.

ಕೊಪ್ಪದ ಮೇಷ್ಟರು

ಕನ್ನಡದಲ್ಲಿ ಪತ್ತೇದಾರಿ ಓದುಗರಿಗೆ ಬರವಿರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಕಾದು ಕುಳಿತಿದ್ದ ಪೀಳಿಗೆ ನಮ್ಮದು. ಎಷ್ಟೋ ಜನ ಓದು ಕಲಿತದ್ದೇ ಆ ಪುಸ್ತಕಗಳಿಂದ. ಪುರುಷೋತ್ತಮನನ್ನು ಯಾರಾದರೂ ಬ್ಯೋಮಕೇಶನಷ್ಟು ಶ್ರದ್ಧೆಯಿಂದ ಟಿವಿಗೆ ತರಬಾರದೇ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ತುಂಗೆಯ ತಡಿ

ಜಾಗಕ್ಕೂ ಕೊರತೆಯಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ಆಗುಂಬೆಯಲ್ಲಿ. ಅರಸಾಳು ರೈಲು ನಿಲ್ದಾಣವನ್ನು ಮಾಲ್ಗುಡಿಯ ನಿಲ್ದಾಣವಾಗಿ ತೋರಿಸಿದರು, ಈಗ ಆ ಹಳೆಯ ಕಟ್ಟಡ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಇಡೀ ದೇಶ ಆ ಊರನ್ನು ನಂಬಿತು.

ಆಗುಂಬೆ ಮಳೆ

ನಮ್ಮೂರಿಗೆ ಈಗಲೂ ಬರುವವರೆಲ್ಲ ಆ ದೊಡ್ಡಮನೆ ಎಲ್ಲಿ ಎಂದೇ ಕೇಳುತ್ತಾರೆ. ಅಪರಾಧ ಕಥೆ ತೆಗೆಯುವವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಎಷ್ಟೋ ಕಡೆ ಮೊಬೈಲ್ ಸಂಕೇತ ಸಿಗುವುದಿಲ್ಲ. ಟವರ್ ಲೆಕ್ಕ ನೋಡಿ ಅಪರಾಧಿಯನ್ನು ಹಿಡಿಯುವ ಸುಲಭದ ದಾರಿ ಕಥೆಗಾರನಿಗೆ ಇರುವುದಿಲ್ಲ, ಬ್ಯೋಮಕೇಶನ ಹಾಗೆ ಜನರನ್ನೇ ನೋಡಿ ಕಂಡುಹಿಡಿಯಬೇಕಾಗುತ್ತದೆ.

ವರದಾಮೂಲದವಳು

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದೊಂದು ಆಕ್ಷೇಪವಿದೆ. ಆ ಮೊದಲ ಕಂತಿನಲ್ಲಿ ನೆನಪಿನಲ್ಲಿ ಉಳಿಯುವ ಒಬ್ಬ ಹೆಂಗಸೂ ಇಲ್ಲ. ಮೆಸ್ ಎಂದ ಮೇಲೆ ಗಂಡಸರೇ ಇರುತ್ತಾರೆ, ಕಾಲವೂ ಅಂಥದು, ಇದೆಲ್ಲ ಗೊತ್ತು. ಆದರೂ ಆ ಕೇರಿಯಲ್ಲಿ ನೀರು ತರುವವರು, ಪಾತ್ರೆ ತೊಳೆಯುವವರು, ಎದುರು ಮನೆಯ ಕಿಟಕಿಯಲ್ಲಿ ನಿಲ್ಲುವವರು ಯಾರೂ ಇರಲಿಲ್ಲವೇ? ಊರಿನ ಗುಟ್ಟು ಮೊದಲು ಗೊತ್ತಾಗುವುದು ಅವರಿಗೆ. ಬ್ಯೋಮಕೇಶನಿಗೆ ಅವರನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಸತ್ಯವತಿ ಎಂಬ ಹೆಣ್ಣು ಪಾತ್ರ ಬರುವುದು ಮುಂದಿನ ಕಂತುಗಳಲ್ಲಿ. ಸುಕನ್ಯಾ ಕುಲಕರ್ಣಿ ಆ ಪಾತ್ರ ಮಾಡಿದ ಮೇಲೆ ಧಾರಾವಾಹಿಗೆ ಒಂದು ಮನೆಯ ಕಳೆ ಬರುತ್ತದೆ. ಅಲ್ಲಿಯವರೆಗೆ ನನಗೆ ಏನೋ ಕೊರತೆ ಇದ್ದೇ ಇತ್ತು.

ಕೊಪ್ಪದ ಮೇಷ್ಟರು

ತಂಗಿ, ಇದು ತೂಕದ ಮಾತು. ಶರದಿಂದು ಬರೆದ ಕಾಲದ ಮೆಸ್ ಜೀವನ ಹಾಗೆಯೇ ಇತ್ತು ಎಂದು ಸಮರ್ಥಿಸಬಹುದು.

ವರದಾಮೂಲದವಳು

ಸಮರ್ಥಿಸಬಹುದು ಮೇಷ್ಟರೇ. ಆದರೆ ನಮ್ಮ ದೊಡ್ಡಮ್ಮನಂಥ ಒಬ್ಬರನ್ನು ಆ ಕೇರಿಯಲ್ಲಿ ಕೇಳಿದ್ದರೆ ಅಶ್ವಿನಿ ಬಾಬು ಬದುಕಿರುತ್ತಿದ್ದರು.

ಕಪ್ಪುಕೋಟು

ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ.

ಭದ್ರಾವತಿ ಕುಲುಮೆ

ನಿಮ್ಮೆಲ್ಲರ ಮಾತು ಕೇಳಿ ಇವತ್ತು ಮತ್ತೆ ನೋಡಿದೆ. ನಿಧಾನ ಎಂಬ ಅಭಿಪ್ರಾಯ ಬದಲಾಗಿಲ್ಲ. ಆದರೆ ಒಂದು ಒಪ್ಪುತ್ತೇನೆ. ನಿರ್ದೇಶಕ ಬಾಸು ಚಟರ್ಜಿ ಎಲ್ಲಿಯೂ ಸಂಗೀತದಿಂದ ಹೆದರಿಸಲು ಹೋಗಿಲ್ಲ. ವೈದ್ಯ ಹೊಸ್ತಿಲಲ್ಲಿ ಬಂದು ನಿಂತಾಗ ‘ಇವನೇ ಖಳ’ ಎಂದು ಡೋಲು ಬಾರಿಸುವುದಿಲ್ಲ. ಈಗಿನ ಸರಣಿಗಳಲ್ಲಿ ಯಾರನ್ನು ಅನುಮಾನಿಸಬೇಕು ಎಂದು ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತದೆ. ಅಷ್ಟರಮಟ್ಟಿಗೆ ಪ್ರೇಕ್ಷಕನನ್ನು ಗೌರವಿಸಿದ್ದಾರೆ. ಮೇಷ್ಟರು ಹೇಳಿದ ಕಣ್ಣನ್ನೂ ಗಮನಿಸಿದೆ, ಅದೂ ನಿಜ.

ಹೊಸನಗರದ ಹುಡುಗ

ವೈದ್ಯನ ವಿಷಯದಲ್ಲಿ ಸುಳಿವು ನ್ಯಾಯವಾಗಿಯೇ ಕೊಟ್ಟಿದ್ದಾರೆ ಎಂಬುದನ್ನು ದೊಡ್ಡಮ್ಮನ ಮಾತು ಕೇಳಿದ ಮೇಲೆ ಒಪ್ಪುತ್ತೇನೆ. ಅತುಲನ ವಿಷಯದಲ್ಲಿ ನನ್ನ ವಾದ ಹಾಗೆಯೇ ನಿಂತಿದೆ. ಕಥೆಯಲ್ಲಿ ಅಜಿತ್ ಹೇಳುತ್ತಾನೆ, ಟಿವಿಯಲ್ಲಿ ಅಜಿತ್ ಬರೀ ಒಂದು ಪಾತ್ರ. ಈ ವ್ಯತ್ಯಾಸಕ್ಕೆ ಮೇಷ್ಟರು ಇನ್ನೂ ಉತ್ತರ ಕೊಟ್ಟಿಲ್ಲ. ಅಪ್ಪಯ್ಯನೂ ಕೊಟ್ಟಿಲ್ಲ.

ಕೊಪ್ಪದ ಮೇಷ್ಟರು

ಕೆ.ಕೆ. ರೈನಾ ಅವರ ಅಜಿತನನ್ನು ಬರೀ ಒಂದು ಪಾತ್ರ ಎನ್ನಬೇಡ ತಮ್ಮ. ಇಡೀ ಕಂತಿನಲ್ಲಿ ನಾವು ಯಾರ ಜೊತೆ ಮೆಟ್ಟಿಲು ಹತ್ತಿ ಇಳಿಯುತ್ತೇವೆ, ಯಾರ ಮುಖ ನೋಡಿ ಗಾಬರಿಯಾಗುತ್ತೇವೆ ಎಂದು ಯೋಚಿಸು. ಎರಡನೆಯ ಕಂತನ್ನು ನೋಡಿ ಬಾ, ಗ್ರಾಮೊಫೋನ್ ಮುಳ್ಳಿನ ಕಥೆ. ಅಲ್ಲಿ ಬ್ಯೋಮಕೇಶ್ ಯಾರೆಂದು ನಮಗೆ ಗೊತ್ತು, ಆದರೂ ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದನ್ನೂ ಮೋಸ ಎನ್ನುತ್ತೀಯೋ ನೋಡೋಣ.

ಹೊಸನಗರದ ಹುಡುಗ

ಭಾನುವಾರ ನೋಡುತ್ತೇವೆ. ಮುಳ್ಳು ಎಂದು ಹೇಳಿದ್ದೇ ಹೆಚ್ಚಾಯಿತು ಮೇಷ್ಟರೇ, ಇನ್ನು ಒಂದು ಮಾತೂ ಬೇಡ.

ಆಗುಂಬೆ ಮಳೆ

ಮಂಡಿಯವರೇ, ಧಾರಣೆಯ ವಿಷಯ ಬೇರೆ ಕಡೆ ಬರೆಯಿರಿ. ಅಲ್ಲಿ ಕಾಯುತ್ತಿದ್ದೇನೆ.